ಅಪ್ಪನಿಗೆ ಉಳಿದ ಪದ

ನಮ್ಮ ಮನೆಯಲ್ಲಿ ದೇವರ ಗೂಡಿನಷ್ಟೇ ಎತ್ತರದಲ್ಲಿ ಇಟ್ಟಿದ್ದ ಇನ್ನೊಂದು ವಸ್ತುವೆಂದರೆ ಅಪ್ಪನ ಇಂಗ್ಲಿಷ್ ಡಿಕ್ಷನರಿ. ದೇಶದ ರಾಜಧಾನಿಯಲ್ಲಿ, ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮಗಿದ್ದದ್ದು ಎರಡು ಕೋಣೆ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಹೋಗಬೇಕಾದ ಅಡುಗೆಮನೆ, ಹಿಂದೆ ಕೂಲರ್ ಇಟ್ಟು ಉಳಿದ ಜಾಗದಲ್ಲಿ ಬಟ್ಟೆ ಒಣಗಿಸುವ ಬಾಲ್ಕನಿ. ಮುಂದಿನ ಕೋಣೆ ಬಂದವರಿಗೆ ಬೈಠಕ್, ಊಟದ ಹೊತ್ತಿಗೆ ಊಟದ ಮನೆ, ಪರೀಕ್ಷೆಯ ದಿನಗಳಲ್ಲಿ ನನ್ನ ಜೈಲು. ಆ ಕೋಣೆಯ ಗೋಡೆಗೆ ಅಪ್ಪ ತಾನೇ ಮೊಳೆ ಹೊಡೆದು ಕೂರಿಸಿದ್ದ ಹಲಗೆಯ ಮೇಲೆ, ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಡಿಕ್ಷನರಿ ಕೂತಿರುತ್ತಿತ್ತು. ದರಿಯಾಗಂಜ್‌ನ ಫುಟ್‌ಪಾತಿನಲ್ಲಿ ಭಾನುವಾರ ಹಳೆಯ ಪುಸ್ತಕ ಮಾರುವ ಭಯ್ಯಾ ಒಬ್ಬನಿಂದ ಅಪ್ಪ ಮದುವೆಗೆ ಮುಂಚೆ ಕೊಂಡದ್ದು ಅದು. ಬೆನ್ನು ಕಿತ್ತುಹೋದಾಗ ಆಫೀಸಿನ ಫೈಲು ಕಟ್ಟುವ ಕೆಂಪು ಬಟ್ಟೆ ಹಾಕಿಸಿ ಹೊಲಿಸಿಕೊಂಡು ಬಂದಿದ್ದ. ಆಯುಧಪೂಜೆಯ ದಿನ ಅಮ್ಮ ಕುಕ್ಕರಿಗೆ, ಇಸ್ತ್ರಿಪೆಟ್ಟಿಗೆಗೆ, ಡಿಕ್ಷನರಿಗೆ ಅದೇ ಕ್ರಮದಲ್ಲಿ ಕುಂಕುಮ ಇಡುತ್ತಿದ್ದಳು. ಹಾಗಾಗಿ ಅದರ ಮೊದಲ ಪುಟ ಕೆಂಪಗಾಗಿ, ಪ್ರಕಾಶಕರ ಹೆಸರೂ ಕಾಣುತ್ತಿರಲಿಲ್ಲ.

ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸ್ಟೆನೋಗ್ರಾಫರ್ ಆಗಿದ್ದ. ಸಾಹೇಬರ ಬಾಯಿಂದ ಮಾತು ಬೀಳುವ ಮೊದಲೇ ರಾವ್ ಸಾಬ್ ಬರೆದುಕೊಂಡಿರುತ್ತಾರೆ ಎಂದು ಅವನ ಸೆಕ್ಷನ್ನಿನವರು ಹೇಳುತ್ತಿದ್ದರು. ಶಾರ್ಟ್‌ಹ್ಯಾಂಡಿನ ಹುಚ್ಚು ಮನೆಗೂ ಬಂದಿತ್ತು. ತರಕಾರಿಯ ಪಟ್ಟಿ ಶಾರ್ಟ್‌ಹ್ಯಾಂಡಿನಲ್ಲಿ, ಊರಿನ ಪತ್ರದ ಕರಡು ಶಾರ್ಟ್‌ಹ್ಯಾಂಡಿನಲ್ಲಿ. ಅಮ್ಮ ಬೈಯುತ್ತ ಹೋದಾಗ ಸುಮ್ಮನೆ ಪೆನ್ಸಿಲ್ ಆಡಿಸುತ್ತಿದ್ದು, ಅವಳು ದಣಿದು ನಿಂತ ಮೇಲೆ ಕೇಳುತ್ತಿದ್ದ:

"ಓದಿ ಹೇಳ್ಲಾ? ಏನಾದ್ರೂ ಬಿಟ್ಟುಹೋಗಿದ್ರೆ ಸೇರಿಸ್ಕೋತೀನಿ."

ಅಮ್ಮನಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದು ಒಳಗೆ ಹೋಗಿಬಿಡುತ್ತಿದ್ದಳು. ಸಂಜೆ ಚಾರ್ಟರ್ಡ್ ಬಸ್ಸಿನಿಂದ ಇಳಿದು, ಕಾಲು ತೊಳೆದು, ಕಾಫಿ ಕುಡಿದ ಮೇಲೆ ಅಪ್ಪ ಡಿಕ್ಷನರಿ ಇಳಿಸುತ್ತಿದ್ದ. ಬೇರೆ ಮನೆಗಳಲ್ಲಿ ದೀಪ ಹಚ್ಚಿ ಶ್ಲೋಕ ಹೇಳಿಸುವ ಹೊತ್ತಿಗೆ ನಮ್ಮ ಮನೆಯಲ್ಲಿ ದಿನಕ್ಕೊಂದು ಪದ. ನಾನೋ ಅಕ್ಕನೋ ಪುಟ ತೆರೆದು ಪದ ಓದಬೇಕು, ಅರ್ಥ ಓದಬೇಕು, ಕೊನೆಗೆ ಚೌಕ ಕಂಸದೊಳಗಿರುವ ಅದರ ಮೂಲ ಓದಬೇಕು. ಅರ್ಥ ತಪ್ಪಿದರೆ ಅವನು ಅಷ್ಟು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಮೂಲ ಓದದೆ ಪುಸ್ತಕ ಮುಚ್ಚಿದರೆ ಮಾತ್ರ ಊಟದವರೆಗೂ ಮುಖ ಊದಿಸಿಕೊಳ್ಳುತ್ತಿದ್ದ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಪದ, ಕಳಿಸಿದವರ ಹೆಸರಿಲ್ಲದ ಪತ್ರದ ಹಾಗೆ, ನಂಬಬಾರದು ಎನ್ನುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವಳಾದ ರೇಖಕ್ಕ ಈ ಸೇವೆಯಲ್ಲಿ ದಣಿದಿದ್ದಳು. ನನಗೆ ಆಗ ಹನ್ನೊಂದು. ನನಗೆ ಅದರಲ್ಲಿ ಸುಖವಿತ್ತು, ಯಾಕೆಂದರೆ ಅಷ್ಟು ಹೊತ್ತು ಅಪ್ಪನ ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡಿರುತ್ತಿತ್ತು.

‘ಯಾ’ ನಮ್ಮ ಮನೆಗೆ ಬಂದದ್ದು ಅಕ್ಕನ ನೌಕರಿಯ ಜೊತೆ. ಬಿ.ಕಾಂ. ಮುಗಿಸಿ ಗುಡಗಾಂವ್‌ನ ಕಾಲ್ ಸೆಂಟರ್ ಒಂದಕ್ಕೆ ಸೇರಿದಳು. ಮಧ್ಯಾಹ್ನ ನಾಲ್ಕು ಗಂಟೆಗೆ ಕಂಪನಿಯ ಬಿಳಿ ಕ್ವಾಲಿಸ್ ಗಾಡಿ ಬಂದು ಗೇಟಿನ ಹತ್ತಿರ ಹಾರ್ನ್ ಹಾಕಿದರೆ ನಮ್ಮ ಬ್ಲಾಕಿನ ಎಲ್ಲ ಬಾಲ್ಕನಿಗಳಲ್ಲಿ ಒಬ್ಬೊಬ್ಬ ಆಂಟಿ ಹುಟ್ಟಿಕೊಳ್ಳುತ್ತಿದ್ದರು. ಮೂರು ವಾರದ ತರಬೇತಿಯಲ್ಲಿ ಅವಳಿಗೆ ಅಮೆರಿಕದವರ ಹಾಗೆ ಮಾತಾಡಲು ಕಲಿಸಿದರು. ಗಿರಾಕಿ ಗಂಟೆಗಟ್ಟಲೆ ಕೂಗಾಡುವಾಗ ನಡುನಡುವೆ ‘ಯಾ’, ‘ಯಾ’ ಎನ್ನುತ್ತಿರಬೇಕಂತೆ. ಸುಮ್ಮನಿದ್ದರೆ ಫೋನ್ ಸತ್ತಿದೆ ಎಂದು ಅವರು ಇಟ್ಟುಬಿಡುತ್ತಾರಂತೆ. ಅಕ್ಕ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ ಅದನ್ನು ಅಭ್ಯಾಸ ಮಾಡಿದಳು, ಆಮೇಲೆ ಅಭ್ಯಾಸವೇ ಅವಳನ್ನು ಹಿಡಿದುಕೊಂಡಿತು. ಹುಳಿಗೆ ಉಪ್ಪು ಹಾಕಿದೆಯಾ ಎಂದರೆ ‘ಯಾ’. ಗ್ಯಾಸ್ ಆರಿಸಿದೆಯಾ ಎಂದರೆ ‘ಯಾ’. ಅಪ್ಪನಿಗೆ ಅದು ಕೇಳಿದಾಗಲೆಲ್ಲ ಊಟದಲ್ಲಿ ಕಲ್ಲು ಸಿಕ್ಕಂತೆ ಮುಖವಾಗುತ್ತಿತ್ತು. ಒಂದು ರಜಾದಿನ ಸಂಜೆ ಪದದ ಹೊತ್ತಿಗೆ ಅಪ್ಪ ತಾನೇ ಪುಟ ತೆರೆದು ನನ್ನ ಮುಂದೆ ತಳ್ಳಿದ.

"ಓದು. ನಿಮ್ಮಕ್ಕನ ಪದ ಇದ್ಯಾ ನೋಡು."

ಇತ್ತು. ಒಂದೇ ಒಂದು ಸಾಲು. ಆಡುಮಾತು, ‘ಯೆಸ್’ ಎಂಬುದರ ಸಡಿಲ ಉಚ್ಚಾರ, ಹೆಚ್ಚಾಗಿ ಅಮೆರಿಕದಲ್ಲಿ. ಅಷ್ಟೇ. ಅಪ್ಪನಿಗೆ ಅದು ಇದೆ ಎಂಬುದೇ ಅವಮಾನವಾದಂತಿತ್ತು. ಅವನು ನನ್ನಿಂದ ‘ಯೆಸ್’ ಓದಿಸಿದ. ಅದಕ್ಕೆ ಅರ್ಧ ಅಂಕಣದಷ್ಟು ಚರಿತ್ರೆಯಿತ್ತು. ‘ಯೇ’ ಎಂಬ ಬಹಳ ಹಳೆಯ ಪದಕ್ಕೆ, ‘ಹಾಗೇ ಆಗಲಿ’ ಎಂಬ ಅರ್ಥದ ಇನ್ನೊಂದು ಚೂರು ಸೇರಿ ‘ಯೆಸ್’ ಆಗಿರಬಹುದು ಎಂದು ಬರೆದಿತ್ತು. ಅಪ್ಪ ಬೆರಳಿಟ್ಟು ಅಲ್ಲಿಯೇ ನಿಲ್ಲಿಸಿದ.

"ಕೇಳಿಸ್ತೇನೇ ರೇಖಾ? ಯೆಸ್ ಅಂದ್ರೆ ಹೌದು, ಹಾಗೇ ಆಗಲಿ. ನಾನು ಒಪ್ಪಿದೀನಿ, ಅದಕ್ಕೆ ನಾನು ಜವಾಬ್ದಾರ ಅಂತ. ನಿನ್ನ ‘ಯಾ’ದಲ್ಲಿ ಆ ‘ಆಗಲಿ’ಯೇ ಇಲ್ಲ. ಬಾಲ ಕತ್ತರಿಸಿಬಿಟ್ಟಿದಾರೆ."

"ಅಪ್ಪಾ, ಎಲ್ರೂ ಹಾಗೇ ಅಂತಾರೆ ಯಾರ್. ಇಟ್ಸ್ ಜಸ್ಟ್ ಎ ವರ್ಡ್."

"ಎಲ್ರೂ ಅನ್ಲಿ. ಈ ಮನೇಲಿ ಬೇಡ."

ಅಡುಗೆಮನೆಯಿಂದ ಅಮ್ಮ ಬಾಗಿಲಿಗೆ ಬಂದಳು.

"ನಾನು ಇಪ್ಪತ್ತೆರಡು ವರ್ಷದಿಂದ ಏನ್ ಹೇಳಿದ್ರೂ ನೀವು ‘ಹೂಂ’ ಅಂತೀರಲ್ಲಾ, ಅದರಲ್ಲಿ ಆಗಲಿ ಇತ್ತೇನ್ರೀ?"

ಅಂದು ಎಲ್ಲರೂ ನಕ್ಕೆವು, ಅಪ್ಪನೂ. ಆ ಕೋಣೆಯಲ್ಲಿ ನಾಲ್ವರೂ ಕೂಡಿ ನಕ್ಕದ್ದು ಅದೇ ಕೊನೆ ಎಂದು ನನಗೆ ಈಗ ಗೊತ್ತು. ಅದಾದ ಒಂದೆರಡು ವಾರಕ್ಕೆ ಅವರಿಬ್ಬರ ಜಗಳ ಬಂತು. ಅಕ್ಕ ಆ ನೌಕರಿ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದಬೇಕೆಂಬುದು ಅಪ್ಪನ ಹಟ. ಬೆಳಗಿನ ಊಟದ ಹೊತ್ತು, ಅಕ್ಕ ಇನ್ನೂ ನಿದ್ದೆಗಣ್ಣಿನಲ್ಲಿ ತಟ್ಟೆಯ ಮುಂದೆ ಕೂತು ಮೊಬೈಲ್ ಒತ್ತುತ್ತಿದ್ದಳು. ಅಪ್ಪ ತನ್ನ ಅನ್ನಕ್ಕೆ ಸಾರು ಕಲಸುತ್ತ ಎಲ್ಲವನ್ನೂ ಹೇಳಿದ. ತಾನು ಹೇಗೆ ಸೈಕಲ್ಲಿನಲ್ಲಿ ಟೈಪಿಂಗ್ ಕ್ಲಾಸಿಗೆ ಹೋದದ್ದು, ಖಾಸಗಿ ನೌಕರಿ ಹೇಗೆ ಒಂದು ದಿನ ಇದ್ದು ಒಂದು ದಿನ ಇರುವುದಿಲ್ಲ, ಸರ್ಕಾರಿ ನೌಕರಿ ಹೇಗೆ ಸತ್ತರೂ ಮನೆಯವರ ಕೈ ಬಿಡುವುದಿಲ್ಲ. ಆಮೇಲೆ ಕೇಳಿದ:

"ನಾನು ಹೇಳ್ತಿರೋದು ಕೇಳಿಸ್ತಾ ಇದ್ಯಾ?"

"ಯಾ, ಯಾ."

ಅಪ್ಪ ಕಲಸಿದ ಅನ್ನ ಬಿಟ್ಟು ಎದ್ದ. ನಮ್ಮ ಮನೆಯಲ್ಲಿ ತಟ್ಟೆ ಬಿಟ್ಟು ಏಳುವುದೆಂದರೆ ಸಣ್ಣ ವಿಷಯವಲ್ಲ, ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಂದಿನಿಂದ ಒಂಬತ್ತು ದಿನ ಅಪ್ಪ ಅಕ್ಕನ ಜೊತೆ ಮಾತು ಬಿಟ್ಟ. ಏನಾದರೂ ಬೇಕಿದ್ದರೆ ಅವಳ ಎದುರಿಗೇ ನನಗೆ ಹೇಳುತ್ತಿದ್ದ, ನಿಮ್ಮಕ್ಕನಿಗೆ ಹೇಳು ಎಂದು. ಅಕ್ಕನೂ ಅವನ ಮಗಳೇ. ಅವಳೂ ಸೋಲಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ನೀರು ಬಂದಾಗ, ಎಂದಿನಂತೆ ಅಪ್ಪ ಬಾತ್‌ರೂಮಿನಲ್ಲಿ ನಲ್ಲಿಯ ಹತ್ತಿರ ಕೂತು ನನಗೆ ಬಕೆಟ್ ತರಲು ಕೂಗಿದ. ಕೂಗಿದ್ದು ಕೇಳಿಸಿತು. ಆದರೆ ಅದು ಬಕೆಟ್ಟೂ ಅಲ್ಲ, ನನ್ನ ಹೆಸರೂ ಅಲ್ಲ, ಯಾವ ಭಾಷೆಯೂ ಅಲ್ಲ. ನಾನು ಆಟಕ್ಕೆ ಮಾಡುತ್ತಿದ್ದಾನೆ ಎಂದುಕೊಂಡು ನಗುತ್ತ ಹೋದೆ. ಅಪ್ಪ ಒದ್ದೆ ನೆಲದ ಮೇಲೆ ಬಲಕ್ಕೆ ವಾಲಿ ಕೂತಿದ್ದ, ಬಾಯಿಯ ಒಂದು ಕಡೆ ಇಳಿದಿತ್ತು, ಬಕೆಟ್ ತುಂಬಿ ಹರಿಯುತ್ತಿತ್ತು. ಆ ನಗು ನನ್ನ ಮುಖದ ಮೇಲಿದ್ದದ್ದನ್ನು ಅವನು ನೋಡಿದ. ಇಷ್ಟು ವರ್ಷವಾದರೂ ನನಗೆ ಅದು ಸಹಿಸಲಾಗುವುದಿಲ್ಲ.

ಲಕ್ವಾ ಎಂದರು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅಪ್ಪ ಮುಂದಿನ ಕೋಣೆಯ ದಿವಾನದ ಮೇಲೆ ಒಂದು ಸಾಮಾನಿನ ಹಾಗೆ ಇದ್ದ. ಅವನಿಗೆ ಎಲ್ಲವೂ ಅರ್ಥವಾಗುತ್ತದೆ, ಬಾಯಿ ಮಾತ್ರ ದಾರಿ ತಪ್ಪಿದೆ ಎಂದು ಮಾತು ಕಲಿಸಲು ಬರುತ್ತಿದ್ದ ಮೇಡಂ ಹೇಳಿದರು. ಮೊದಲು ಹೌದು, ಇಲ್ಲ ಎರಡು ಬರಲಿ, ಯಾವ ಭಾಷೆಯಲ್ಲಾದರೂ ಸರಿ ಎಂದರು. ಅಮ್ಮ ಹಾಸಿಗೆಯ ಪಕ್ಕ ಕೂತು ದಿನವಿಡೀ ಕೂಸಿಗೆ ಹೇಳಿಕೊಡುವಂತೆ ಹೇಳಿಕೊಟ್ಟಳು. ಹೌದು ಅನ್ನಿ. ಹಾಂ ಅನ್ನಿ. ಯೆಸ್ ಅನ್ನಿ, ನಿಮ್ಮ ಯೆಸ್ ಅಲ್ವಾ. ಅಪ್ಪನ ಹಣೆಯ ನರ ಉಬ್ಬುತ್ತಿತ್ತು, ಗಂಟಲಲ್ಲಿ ಏನೋ ಗುರುಗುಟ್ಟುತ್ತಿತ್ತು, ಆಮೇಲೆ ಕಣ್ಣಲ್ಲಿ ನೀರು. ಶಾರ್ಟ್‌ಹ್ಯಾಂಡ್ ಬರೆಯುತ್ತಿದ್ದ ಕೈಯನ್ನು ನಾನು ಎತ್ತಿ ಪಕ್ಕಕ್ಕಿಡಬೇಕಿತ್ತು. ಎರಡು ತಿಂಗಳು ಒಂದು ಅಕ್ಷರವೂ ಹೊರಡಲಿಲ್ಲ. ಅಮ್ಮ ಮೊದಲು ಕಾಲೊನಿಯ ಹತ್ತಿರದ ಮಲೈ ಮಂದಿರ್ ಗುಡಿಗೆ ಹರಕೆ ಹೊತ್ತಳು, ಆಮೇಲೆ ಹನುಮಾನನಿಗೆ, ಆಮೇಲೆ ಯಾರೋ ಹೇಳಿದರೆಂದು ಒಂದು ದರ್ಗಾಕ್ಕೆ. ಒಂದು ಮಧ್ಯಾಹ್ನ ಅಕ್ಕ ಕೆಲಸಕ್ಕೆ ಹೊರಡುವ ಮೊದಲು ಅವನ ಕಾಲ ಹತ್ತಿರ ಕೂತಳು. ಅವಳು ಅಷ್ಟು ದಿನ ಅವನ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ.

"ಅಪ್ಪಾ, ನನ್ನ ಮೇಲೆ ಇನ್ನೂ ಕೋಪ ಇದ್ಯಾ?"

"ಯಾ."

ಸ್ಪಷ್ಟವಾಗಿ ಬಂತು. ಹಳೆಯ ಅದೇ ಧ್ವನಿಯಲ್ಲಿ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ, ಅವನ ಕಾಲು ಹಿಡಿದುಕೊಂಡು ಕೋಪ ಇರಲಿ ಅಪ್ಪಾ, ಇರಲಿ, ಎಷ್ಟು ಬೇಕಾದರೂ ಇರಲಿ ಎನ್ನುತ್ತಿದ್ದಳು. ಅಪ್ಪ ಮಾತ್ರ ತನ್ನ ಬಾಯಿಂದ ಬಂದದ್ದು ಏನು ಎಂದು ಕೇಳಿಸಿಕೊಂಡಿದ್ದ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಕಲಿತ ಅಷ್ಟೂ ಪದಗಳಲ್ಲಿ ದೇವರು ಅವನಿಗೆ ಉಳಿಸಿದ್ದು ಅವನು ಮನೆಯೊಳಗೆ ಬಿಟ್ಟುಕೊಳ್ಳದ ಪದವನ್ನು. ಇದನ್ನು ಮಾಡಿದವನು ದೇವರಾದರೆ ಅವನ ತಮಾಷೆ ನನಗೆ ಇಂದಿಗೂ ಹಿಡಿಸಿಲ್ಲ.

ಆಮೇಲೆ ಅದೊಂದೇ. ಕಾಫಿ ಬೇಕಾ, ಯಾ. ಸೆಕೆಯಾ, ಯಾ. ನೋವಿದೆಯಾ, ಯಾ. ನೋವಿಲ್ಲವಾ, ಅದಕ್ಕೂ ಯಾ. ಇಲ್ಲ ಎಂಬುದು ಬರಲೇ ಇಲ್ಲ. ಮೇಡಂ ಒಂದು ಉಪಾಯ ಮಾಡಿದರು. ಇಲ್ಲ ಎನ್ನಬೇಕಾದಾಗ ಎಡಗೈ ಎತ್ತಬೇಕು. ಅಪ್ಪನಿಗೆ ಅದು ತಿಳಿಯುತ್ತಿತ್ತು, ಆದರೆ ಕೈ ಏಳುವಷ್ಟರಲ್ಲಿ ಬಾಯಿ ಮುಂದೆ ನುಗ್ಗಿ ‘ಯಾ’ ಎಂದುಬಿಡುತ್ತಿತ್ತು. ಎಡಭುಜವನ್ನು ಯಾರಾದರೂ ಮೆಲ್ಲಗೆ ಒತ್ತಿದರೆ ಕೈಗೆ ನೆನಪಾಗಿ ಮೇಲೇಳುತ್ತಿತ್ತು. ಆ ಒತ್ತುವ ಕೆಲಸ ನನ್ನದಾಯಿತು. ನಾನು ಶಾಲೆಯಿಂದ ಬಂದು ಅವನ ಹಿಂದೆ ನಿಂತರೆ ಅಮ್ಮ ಮುಂದೆ ಕೂತು ಪ್ರಶ್ನೆ ಕೇಳುವಳು. ಪದದ ಹೊತ್ತಿನ ಜಾಗದಲ್ಲಿ ನಮ್ಮ ಮನೆಗೆ ಬಂದ ಹೊಸ ಪೂಜೆ ಇದು. ಡಿಕ್ಷನರಿಯನ್ನು ಹಲಗೆಯಿಂದ ಯಾರೂ ಇಳಿಸಲಿಲ್ಲ.

ಅಮ್ಮನಿಗೆ ಅವಸರವಿತ್ತು. ಅಪ್ಪನ ರಜೆ ಮುಗಿಯುತ್ತ ಬಂದಿತ್ತು. ಅವನು ಕೆಲಸಕ್ಕೆ ಯೋಗ್ಯನೋ ಅಲ್ಲವೋ ಎಂದು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ ಎಂದು ಆಫೀಸಿನಿಂದ ಕಾಗದ ಬಂತು. ಅಲ್ಲ ಎಂದು ಬರೆದರೆ ನಿವೃತ್ತಿ, ನಿವೃತ್ತಿಯಾದರೆ ಕೆಲವು ತಿಂಗಳಲ್ಲಿ ಕ್ವಾರ್ಟರ್ಸ್ ಬಿಡಬೇಕು. ಇನ್ನೂ ಒಂಬತ್ತು ವರ್ಷ ಸರ್ವಿಸ್ ಇತ್ತು. ಊರಿನಲ್ಲಿ ನಮಗೆ ಮನೆಯಿರಲಿಲ್ಲ. ಅಮ್ಮನ ಪಾಲಿಗೆ ಆ ಎರಡು ಕೋಣೆಯೇ ಊರು. ಆ ಪರೀಕ್ಷೆಯ ಫಾರಂಗೆ ಎಡಗೈ ಸಹಿ ಮಾಡಿಸಲು ಅಪ್ಪನನ್ನು ಒಮ್ಮೆ ಗಾಲಿಕುರ್ಚಿಯಲ್ಲಿ ಅವನ ಸೆಕ್ಷನ್ನಿಗೆ ಕರೆದುಕೊಂಡು ಹೋದೆವು. ಹೋಗುವಾಗ ಅಪ್ಪ ಎಡಗೈಯಿಂದ ತಾನೇ ತಲೆ ಬಾಚಿಕೊಂಡ. ಅಲ್ಲಿ ಅವನ ಕುರ್ಚಿಯಲ್ಲಿ ಒಬ್ಬ ಹೊಸ ಹುಡುಗಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಳು. ಎಲ್ಲರೂ ಸುತ್ತ ನೆರೆದು, ಕಿವುಡನಿಗೆ ಹೇಳುವಂತೆ ಗಟ್ಟಿಯಾಗಿ ಹಿಂದಿಯಲ್ಲಿ ಕೇಳಿದರು, ರಾವ್ ಸಾಬ್ ಚೆನ್ನಾಗಿದ್ದೀರಾ, ಊಟ ಮಾಡ್ತೀರಾ, ನಮ್ಮ ಗುರುತು ಸಿಕ್ಕಿತಾ ಎಂದು. ಅಪ್ಪ ಒಂದೊಂದಕ್ಕೂ ‘ಯಾ’ ಎಂದ. ಆರನೆಯದೋ ಏಳನೆಯದೋ ‘ಯಾ’ಕ್ಕೆ ಹಿಂದೆ ನಿಂತಿದ್ದ ಒಬ್ಬ ಕಿಸಕ್ಕನೆ ನಕ್ಕ. ಕೆಟ್ಟವನಲ್ಲ, ತಡೆಯಲಾಗಲಿಲ್ಲ ಅಷ್ಟೆ. ನನ್ನ ಕೈ ಅಪ್ಪನ ಭುಜದ ಮೇಲಿತ್ತು. ಅಂಗಿಯ ಕೆಳಗೆ ಆ ಭುಜ ಕಲ್ಲಾದದ್ದು ನನಗೆ ಗೊತ್ತಾಯಿತು. ಅಮ್ಮ ಫಾರಂ ತುಂಬಿಸುವ ಗಡಿಬಿಡಿಯಲ್ಲಿದ್ದಳು.

ಪರೀಕ್ಷೆಗೆ ಎರಡು ವಾರ ಇರುವಾಗ ಅಮ್ಮ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪ್ರಶ್ನೆಪತ್ರಿಕೆ ಬರೆದಳು. ನಗಬೇಡಿ. ಇಡೀ ಜೀವನ ಅವಳು ಕಂಡದ್ದು ಡಿಪಾರ್ಟ್‌ಮೆಂಟಲ್ ಪರೀಕ್ಷೆಗೆ ಗೆಸ್ ಪೇಪರ್ ಓದುವ ಗುಮಾಸ್ತರನ್ನು. ಸರ್ಕಾರ ಕೇಳುವುದನ್ನೆಲ್ಲ ಮೊದಲೇ ಊಹಿಸಿ ಬಾಯಿಪಾಠ ಮಾಡಬಹುದು ಎಂಬ ನಂಬಿಕೆ ಆ ಕಾಲೊನಿಯ ನೀರಿನಲ್ಲೇ ಇತ್ತು. ನಿಮ್ಮ ಹೆಸರು ಇದೇನಾ, ಯಾ. ಹೇಳಿದ್ದು ತಿಳಿಯುತ್ತಾ, ಯಾ. ತಲೆ ಸುತ್ತುತ್ತಾ, ಭುಜ ಒತ್ತು, ಕೈ ಮೇಲೆ. ಮರೆವು ಇದೆಯಾ, ಒತ್ತು, ಕೈ ಮೇಲೆ. ನಲವತ್ತು ಪ್ರಶ್ನೆ. ದಿನಕ್ಕೆ ಮೂರು ಸಲ. ಅಪ್ಪ ಒಂದು ದಿನ ಕಣ್ಣು ಮುಚ್ಚಿಕೊಂಡು ಉತ್ತರಿಸಲೇ ಇಲ್ಲ. ಅಮ್ಮ ಅವನ ಮೊಣಕಾಲ ಮೇಲೆ ತಲೆಯಿಟ್ಟಳು.

"ನಿಮ್ಗೆ ಕೈ ಮುಗೀತೀನಿ. ಇದೊಂದು ಸಲ ನನಗೋಸ್ಕರ. ಈ ಮನೆ ಹೋದ್ರೆ ಇಬ್ಬರು ಹೆಣ್ಣುಮಕ್ಕಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗ್ಲಿ?"

ಅಪ್ಪ ಕಣ್ಣು ತೆರೆದ. ಅವಳ ತಲೆಯ ಮೇಲೆ ಎಡಗೈ ಇಟ್ಟು ‘ಯಾ’ ಎಂದ. ಅಮ್ಮ ಎದ್ದು, ಮೂಗು ಒರೆಸಿಕೊಂಡು, ಮೊದಲ ಪ್ರಶ್ನೆಯಿಂದ ಶುರು ಮಾಡಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಅಕ್ಕ ಅವನಿಗೆ ಗಡ್ಡ ಹೆರೆದಳು. ಮಧ್ಯಾಹ್ನ ಅವಳು ಕೆಲಸಕ್ಕೆ ಹೋಗಲೇಬೇಕಿತ್ತು, ಹಿಂದಿನ ತಿಂಗಳೇ ರಜೆ ಹೆಚ್ಚಾಗಿ ಎಚ್ಚರಿಕೆ ಕೊಟ್ಟಿದ್ದರು. ಅಮ್ಮ, ನಾನು, ಅಪ್ಪ ಮೂವರೇ ಹೋದೆವು. ಆಸ್ಪತ್ರೆಯ ಕಾರಿಡಾರಿನಲ್ಲಿ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ವಯಸ್ಸಾದ ಡಾಕ್ಟರು, ಸೌಮ್ಯವಾದ ಮುಖ. ಮೊದಲ ಎರಡು ಪ್ರಶ್ನೆಗೂ ಅಪ್ಪನಿಗಿಂತ ಮೊದಲು ಅಮ್ಮನೇ ಉತ್ತರ ಹೇಳಿಬಿಟ್ಟಳು. ಡಾಕ್ಟರು ನಕ್ಕು, ಬೆಹನ್‌ಜೀ ನೀವು ಹೊರಗೆ ಕೂತಿರಿ, ಇವರು ಮಾತಾಡಲಿ ಎಂದು ಹಿಂದಿಯಲ್ಲಿ ಹೇಳಿದರು. ಹೋಗುವಾಗ ಅಮ್ಮ ನನ್ನ ಕಡೆ ನೋಡಿದಳು. ಎಲ್ಲವೂ ಈಗ ನಿನ್ನ ಕೈಯಲ್ಲಿದೆ ಎಂದು ಆ ನೋಟ ಹೇಳಿತು. ಗಾಲಿಕುರ್ಚಿಯ ಹಿಂದೆ ನಿಂತಿದ್ದ ನನ್ನನ್ನು ಯಾರೂ ಹೊರಗೆ ಕಳಿಸಲಿಲ್ಲ, ಹನ್ನೊಂದು ವರ್ಷದವಳು ಲೆಕ್ಕಕ್ಕಿರಲಿಲ್ಲ.

ಮೊದಮೊದಲು ಅಮ್ಮನ ಗೆಸ್ ಪೇಪರ್ ಸರಿಯಾಗಿಯೇ ಬಂತು. ಹೆಸರು, ಯಾ. ತಿಳಿಯುತ್ತಾ, ಯಾ. ತಲೆಸುತ್ತು, ನಾನು ಒತ್ತಿದೆ, ಕೈ ಎದ್ದಿತು. ನೋವು, ಒತ್ತಿದೆ, ಎದ್ದಿತು. ನನಗೆ ಒಳಗೊಳಗೇ ಹಿಗ್ಗು. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನಿಧಾನವಾಗಿ, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳುವಂತೆ ಹೇಳಿದರು. ರಾವ್ ಸಾಹೇಬರೇ, ನಿಮಗೆ ಹಗುರ ಕೆಲಸ ಕೊಡಿ ಎಂದು ನಾನು ಬರೆಯಬಲ್ಲೆ. ಆಫೀಸಿನವರು ಒಂದು ಕುರ್ಚಿ ಕೊಡುತ್ತಾರೆ, ನೀವು ಕೂತಿರಬೇಕು, ಸಂಬಳ ಬರುತ್ತದೆ. ಅದು ನಿಮಗೆ ಇಷ್ಟವಿಲ್ಲದಿದ್ದರೆ ನಿವೃತ್ತಿ ಎಂದು ಬರೆಯುತ್ತೇನೆ. ನಿಮ್ಮ ಮನಸ್ಸಿನ ಮಾತು ಹೇಳಿ. ನಿಮಗೆ ನಿವೃತ್ತಿ ಬೇಕೇ?

ಈ ಪ್ರಶ್ನೆ ಕ್ಯಾಲೆಂಡರಿನಲ್ಲಿರಲಿಲ್ಲ. ಆದರೆ ಉತ್ತರ ನನಗೆ ಗೊತ್ತಿತ್ತು. ನಾನು ಒತ್ತಿದೆ. ಅಪ್ಪನ ಕೈ ಏಳಲಿಲ್ಲ. ಮರೆತನೇನೋ ಎಂದು ಇನ್ನೊಮ್ಮೆ, ಬೆರಳು ಬಿಳಿಚಿಕೊಳ್ಳುವಷ್ಟು ಜೋರಾಗಿ ಒತ್ತಿದೆ. ಆಗ ಎಡಗೈ ಬಂತು. ಮೇಲಕ್ಕೆ ಏಳಲಿಲ್ಲ, ತನ್ನ ಭುಜದ ಮೇಲಿದ್ದ ನನ್ನ ಬೆರಳುಗಳನ್ನು ಹುಡುಕಿಕೊಂಡು ಬಂತು. ಒಂದೊಂದಾಗಿ ಬಿಡಿಸಿತು. ಬಿಡಿಸಿದ ನನ್ನ ಕೈಯನ್ನು ಹಿಡಿದುಕೊಂಡೇ ಅಪ್ಪ ಡಾಕ್ಟರ ಮುಖ ನೋಡಿ ಹೇಳಿದ:

"ಯಾ."

ಖಚಿತವಾಗಿ ಹೇಳುತ್ತಿದ್ದೀರಾ ಎಂದು ಅವರು ಕೇಳಿದರು. ಅಪ್ಪ ಇನ್ನೊಮ್ಮೆ ಹೇಳಿದ. ಅವರು ನನ್ನ ಕಡೆ ನೋಡಿದರು. ಆ ಹೊತ್ತು ನನಗೂ ಲಕ್ವಾ ಹೊಡೆದಂತಾಗಿತ್ತು. ಡಾಕ್ಟರು ಪೆನ್ನು ಎತ್ತಿಕೊಂಡು ಬರೆದರು.

ಆ ವರ್ಷದ ಚಳಿಗೆ ಮೊದಲೇ ನಾವು ಘಾಜಿಯಾಬಾದ್‌ಗೆ ಬಂದೆವು. ಮೂರನೆಯ ಮಹಡಿಯಲ್ಲಿ ಒಂದೂವರೆ ಕೋಣೆ, ಅಪ್ಪ ಕೆಳಗಿಳಿಯುವಂತಿರಲಿಲ್ಲ. ಅಕ್ಕ ಎರಡು ಬಸ್ಸು ಬದಲಾಯಿಸಿ ಕ್ಯಾಬ್ ಹಿಡಿಯುತ್ತಿದ್ದಳು. ಅವಳ ‘ಯಾ’ಗಳೇ ನಮ್ಮ ಅನ್ನ. ಅಪ್ಪ ಆರು ವರ್ಷ ಬದುಕಿದ, ಬೇರೊಂದು ಪದ ಬರಲಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಹೊಸ, ದೊಡ್ಡ ಡಿಕ್ಷನರಿ ಸಿಕ್ಕಿದಾಗ ನಾನು ಮೊದಲು ತೆರೆದದ್ದು ಅದೇ ಪುಟವನ್ನು. ‘ಯೆಸ್’ ಸಡಿಲಗೊಂಡು ‘ಯಾ’ ಆಯಿತು ಎಂದು ಕೆಲವರು, ಅದಕ್ಕಿಂತ ಹಳೆಯ ‘ಯೇ’ಯ ನಂಟೂ ಇದ್ದೀತು ಎಂದು ಕೆಲವರು. ಎರಡನೆಯವರು ಸರಿಯಾದರೆ ಅಪ್ಪ ತಪ್ಪು. ಬಾಲ ಯಾರೂ ಕತ್ತರಿಸಿಲ್ಲ, ಬಾಲ ಹುಟ್ಟುವ ಮೊದಲಿನ ಪದ ಅದು. ಮನೆಗೆ ಓಡಿ ಬಂದು ಹೇಳಿದೆ. ಅಪ್ಪ ಬಹಳ ಹೊತ್ತು ಯೋಚಿಸಿ, ಹುಬ್ಬೇರಿಸಿ, ‘ಯಾ’ ಎಂದ. ಒಪ್ಪಿದನೋ, ಬರೀ ಕೇಳಿಸಿಕೊಂಡನೋ, ಗೊತ್ತಿಲ್ಲ. ಆದರೆ ಆಸ್ಪತ್ರೆಯಲ್ಲಿ ಅವನು ಹೇಳಿದ ‘ಯಾ’ದಲ್ಲಿ ‘ಹಾಗೇ ಆಗಲಿ’ ಇತ್ತು. ಅದಕ್ಕೆ ನನ್ನ ಬೆರಳುಗಳೇ ಸಾಕ್ಷಿ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಅಮ್ಮ ತೀರಿಕೊಂಡಳು, ಈಗ ಬರೆಯಬಹುದು. ನೆಂಟರು ಬಂದಾಗಲೆಲ್ಲ ಅವಳು ಆ ಕಥೆ ಹೇಳಿ, ಕೊನೆಗೆ ನನ್ನ ತಲೆ ಸವರಿ, ಪಾಪ ಇವಳು ಚಿಕ್ಕೋಳು, ಹೆದರಿ ಒತ್ತೋದು ಮರೆತುಬಿಟ್ಲು ಎನ್ನುತ್ತಿದ್ದಳು. ಒಂದು ಸಲವೂ ಸಿಟ್ಟಿನಿಂದ ಹೇಳಲಿಲ್ಲ. ಮರೆವನ್ನು ಅವಳು ಕ್ಷಮಿಸಬಲ್ಲವಳಾಗಿದ್ದಳು. ಅವಳ ಕ್ಷಮೆಯನ್ನು ಹೊತ್ತುಕೊಂಡು ನಾನು ದೊಡ್ಡವಳಾದೆ. ಇಂದಿಗೂ ಯಾರಾದರೂ ತಪ್ಪು ಯಾರದು ಎಂದು ಕೇಳಿದರೆ ನನ್ನ ಬಾಯಿ ಯೋಚಿಸುವ ಮೊದಲೇ ನನ್ನದು ಎನ್ನುತ್ತದೆ.

ಅಂದು ಆಸ್ಪತ್ರೆಯಿಂದ ಆಟೋದಲ್ಲಿ ಬಂದೆವು. ಅಪ್ಪ ನಡುವೆ, ಅವನ ಬಲಕ್ಕೆ ಆತುಕೊಂಡು ಅಮ್ಮ, ಎಡಕ್ಕೆ ನಾನು. ಅಮ್ಮ ಆ ಕಾಗದವನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಿದ್ದಳು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ, ನನ್ನ ಕಡೆ ತಿರುಗದೆ, ರಸ್ತೆ ನೋಡುತ್ತ ಕೇಳಿದಳು.

"ಒತ್ತೋದು ಮರೆತುಬಿಟ್ಯೇನೇ?"

ನಾನು ಅಪ್ಪನ ಮುಖ ನೋಡಿದೆ. ಅಮ್ಮ ಅಪ್ಪನನ್ನು ಕೇಳಿದಳು.

"ಮರೆತ್ಲು, ಅಲ್ವೇನ್ರೀ?"

ಅಪ್ಪನ ಇಡೀ ಮೈ ಅಲುಗಿತು. ಹಣೆಯ ನರ ಉಬ್ಬಿತು. ತುಟಿ ಇನ್ನಾವುದೋ ಪದಕ್ಕಾಗಿ ಒದ್ದಾಡಿತು, ಮೊದಲ ದಿನಗಳಲ್ಲಿ ಒದ್ದಾಡಿದ ಹಾಗೆ. ಕೊನೆಗೆ ಬಂದದ್ದು ಅದೇ.

"ಯಾ."

ಹೇಳಿದ ಕೂಡಲೇ ಅವನ ಎಡಗೈ ಮೊಣಕಾಲಿನಿಂದ ಮೇಲೇಳತೊಡಗಿತು. ಯಾರೂ ಒತ್ತದೆ, ತಾನಾಗಿಯೇ. ಅಷ್ಟು ದಿನ ನಾವು ಕಲಿಸಿದ ‘ಇಲ್ಲ’ ಅದು. ಅಮ್ಮ ಇನ್ನೂ ರಸ್ತೆಯ ಕಡೆ ನೋಡುತ್ತಿದ್ದಳು, ಅವಳ ಕಣ್ಣು ತುಂಬಿತ್ತು. ನಾನು ಒಂದು ಕ್ಷಣ ತಡಮಾಡಿದ್ದರೆ ತಿರುಗಿ ನೋಡುತ್ತಿದ್ದಳು. ನಾನು ಆ ಕೈಯನ್ನು ಎರಡೂ ಕೈಯಿಂದ ಹಿಡಿದು, ಮೆಲ್ಲಗೆ ಕೆಳಗಿಳಿಸಿ, ನನ್ನ ಮಡಿಲಲ್ಲಿ ಇಟ್ಟುಕೊಂಡೆ.

"ಹೌದಮ್ಮ," ಎಂದೆ. "ಮರೆತೆ."